ತಳ ತೋರಿಸುವ ಡಬ್ಬಿ

ಮಂಜಿನಲ್ಲಿ ದಾರಿ ತಪ್ಪಿ, ಇಡೀ ರಾತ್ರಿ ನೀರಿನ ಮೇಲೆಯೇ ಕಳೆದು ಬಂದ ಗಂಡನಿಗೂ ಹಿರಿಯ ಮಗನಿಗೂ ಸಕ್ಕುಬಾಯಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಪುಣೆಯ ಹಡಪಸರದಲ್ಲಿ ಅವರದು ಎರಡೇ ಕೋಣೆಯ ಮನೆ. ಗಂಡ ಅಂಬಣ್ಣನ ತುಟಿ ಚಳಿಗೆ ಒಡೆದು ರಕ್ತ ಜಿನುಗಿತ್ತು. ಹಿರಿಯ ಮಗ ಬಾಬು ಪುಂಡಿ ಪಲ್ಯವನ್ನು ಅನ್ನ ಕಾಣದವನಂತೆ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಅವನ ಹೆಂಡತಿ ಭಾಗ್ಯಾ ನೀರಿನ ಚರಿಗೆ ಹಿಡಿದು ಗೋಡೆಯ ಬದಿಗೆ ಕೂತಿದ್ದಳು. ಕಿರಿಯ ಮಗ ಅಂಬಾದಾಸ ಹಿಂಜವಾಡಿಯ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುವವನು. ಡ್ಯೂಟಿ ಬಿಟ್ಟು ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಓಡಿಹೋಗಿ, ಬೆಳಗಾಗುವ ತನಕ ಗಾಡಿಯ ದೀಪ ನೀರಿನ ಕಡೆ ತಿರುಗಿಸಿ, ಹಾರ್ನ್ ಒತ್ತುತ್ತಲೇ ಕೂತಿದ್ದವನು ಅವನೇ. ಈಗ ಬಾಗಿಲಿಗೆ ಒರಗಿ ನಿಂತು ಅಂದ:

"ಅಪ್ಪಾ, ಇನ್ನ ಮುಂದ ಜಿಪಿಎಸ್ ಇಲ್ದೆ ನೀರಿಗೆ ಇಳಿಯೋದು ಬ್ಯಾಡ. ಒಂದು ಮಷೀನ್ ಬರ್ತದ. ದಂಡಿಗಿ ಬರೋ ದಾರಿ ತೋರಿಸ್ತದ. ಕೆಳಗ ಮೀನು ಎಲ್ಲಿ ಅದಾವ, ಅದನ್ನೂ ತೋರಿಸ್ತದ."

ಅಂಬಣ್ಣ ತಲೆ ಎತ್ತಲಿಲ್ಲ. "ಯಾರಿಗೆ ತೋರಿಸ್ತದ?"

"ನಿನಗ."

ತಾಟು ಹಾರಿ ಗೋಡೆಗೆ ಬಡಿಯಿತು. ಪಲ್ಯ ದೇವರ ಫೋಟೋದ ಗಾಜಿನ ಮೇಲೆಲ್ಲ ಸಿಡಿಯಿತು. "ಭೀಮಾ ಹೊಳಿಯೊಳಗ ಹುಟ್ಟಿ ಬೆಳದಾವ ನಾ. ನನಗ ನೀರು ತೋರಿಸಾಕ ಡಬ್ಬಿ ಬೇಕಾ?" ಎಂದು ಎದ್ದು, ಅಂಬಾದಾಸನ ಕೆನ್ನೆಗೆ ಒಂದು ಬಿಗಿದು, ಹೊರಗೆ ಹೋದ.

ಅದು ಬರೀ ಜಂಬದ ಮಾತಲ್ಲ. ಅಫಜಲಪುರದ ಕಡೆಯ ಅಂಬಿಗರ ಮನೆ ಅವರದು. ಗಾರೆ ಕೆಲಸಕ್ಕೆಂದು ಗಂಡಹೆಂಡತಿ ಪುಣೆಗೆ ಬಂದರು. ಹತ್ತು ಮಹಡಿಯ ಕಟ್ಟಡಗಳಿಗೆ ಸ್ಲ್ಯಾಬ್ ಹಾಕುವಾಗ ಯಾರೋ ಅಂಬಣ್ಣನಿಗೆ, ಸೋಲಾಪುರ ರಸ್ತೆ ಹಿಡಿದು ಹೋದರೆ ಕಣ್ಣು ಹಾಯುವಷ್ಟು ದೂರ ನೀರಿದೆ, ಅದು ಭೀಮಾನದಿಯ ನೀರೇ ಎಂದರು. ಅವನು ಹೋಗಿ ನೋಡಿದ. ತನ್ನೂರಿನ ಹೊಳೆಯನ್ನೇ ಮೇಲುಗಡೆ ಕಟ್ಟಿ ನಿಲ್ಲಿಸಿದ್ದರು. ಮರುದಿನದಿಂದ ಗಾರೆಯ ಪುಟ್ಟಿ ಹೊರುವುದನ್ನು ಬಿಟ್ಟ. ದೋಣಿ ಮಾಡಿಕೊಂಡ, ಬಲೆ ಮಾಡಿಕೊಂಡ, ದಂಡೆಯಲ್ಲಿ ತಗಡಿನ ಶೆಡ್ ಹಾಕಿಕೊಂಡ. ಅಪ್ಪ ಮಗ ವಾರಗಟ್ಟಲೆ ಅಲ್ಲಿ ಮೀನು ಹಿಡಿಯುವುದು, ಕೆಡದಂತೆ ಬರ್ಫದ ಗಡ್ಡೆ ತುಂಬಿದ ಪೆಟ್ಟಿಗೆಗಳಲ್ಲಿ ಅದು ಹಡಪಸರಕ್ಕೆ ಬರುವುದು, ಸಕ್ಕುಬಾಯಿ ಸೊಸೆಯೊಂದಿಗೆ ಬಾಜಾರದಲ್ಲಿ ಕೂತು ಕತ್ತರಿಸಿ ಮಾರುವುದು. ಹೀಗೆ ಮನೆ ನಡೆದಿತ್ತು. ಮೀನು ಸಿಗುವ ಜಾಗಗಳೆಲ್ಲ ಅಂಬಣ್ಣನ ತಲೆಯಲ್ಲಿದ್ದವು. ಹೆತ್ತ ಮಗನನ್ನು ಅಲ್ಲಿಗೆ ಕರೆದೊಯ್ದರೂ ಜಾಗ ಹೊಂದಿಸುವ ಗುರುತು ಬಿಟ್ಟುಕೊಟ್ಟವನಲ್ಲ. ಬಾಬು ಕೇಳಿದರೆ, "ನಾ ಸತ್ತ ಮ್ಯಾಲ ಹೇಳ್ತೀನಿ" ಅನ್ನುತ್ತಿದ್ದ.

ಅಪ್ಪ ಹೊರಗೆ ಹೋದ ಮೇಲೆ ಬಾಬು ಕೈ ತೊಳೆದುಕೊಂಡು ತಮ್ಮನ ಮುಂದೆ ಬಂದು ನಿಂತ.

"ಮಷೀನ್ ತರೂಣು. ಆದ್ರ ಅದು ನನ್ನ ಕೈಯಾಗ ಇರ್ತದ."

"ದೋಣ್ಯಾಗ ಇರ್ತದ, ಅಣ್ಣಾ. ಯಾರ ಕೈಯಾಗೂ ಅಲ್ಲ."

"ದೋಣಿ ನಡಸಾವ ಯಾರು? ನೀನಾ? ಎಸಿ ಗಾಡ್ಯಾಗ ಕುಂತು ಇಂಗ್ಲಿಷ್ ಮಂದೀನ ಹೊರೋ ಮಗನ."

ಸಕ್ಕುಬಾಯಿ ಗೋಡೆ ಒರೆಸುತ್ತ, "ಬಾಬು, ಸಾಕು" ಅಂದಳು. ಬಾಬು ತಮ್ಮನ ಮುಂದಿನಿಂದ ಸರಿದ. ಆದರೆ ಅವನ ಕಣ್ಣು ತಿರುಗಿ ಹೆಂಡತಿಯ ಮೇಲೆ ನಿಂತದ್ದನ್ನು ಸಕ್ಕುಬಾಯಿ ಕಂಡಳು.

ಸಂಜೆ ಒಳಗಿನ ಕೋಣೆಯಿಂದ ಬಾಬುವಿನ ದನಿ ಬಂತು.

"ನಾವು ಬರ್ಲಿಲ್ಲ ಅಂದ್ರ ಅಂಬಾದಾಸಗ ಯಾಕ ಫೋನ್ ಹಚ್ಚಿದಿ?"

"ಮತ್ಯಾರಿಗೆ ಹಚ್ಚಬೇಕಿತ್ತು? ಪೊಲೀಸರಿಗಾ?"

ಏಟಿನ ಸದ್ದು. ಮತ್ತೊಂದು. ಭಾಗ್ಯಾ ಅಳುವವಳಲ್ಲ, ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ಸಕ್ಕುಬಾಯಿ ಎದ್ದು ಪಾತ್ರೆಗಳನ್ನು ಒಂದರ ಮೇಲೊಂದು ಎತ್ತಿ ಕುಕ್ಕತೊಡಗಿದಳು. ಅಂಬಣ್ಣ ಟಿವಿಯ ಧ್ವನಿ ಹೆಚ್ಚಿಸಿದ. ಆ ಮನೆಯಲ್ಲಿ ಯಾರಾದರೂ ಯಾರನ್ನಾದರೂ ಹೊಡೆಯುವಾಗ ಉಳಿದವರು ಮಾಡುತ್ತ ಬಂದದ್ದು ಅಷ್ಟೇ.

ಮರುದಿನ ಬಾಜಾರದಲ್ಲಿ ಸಕ್ಕುಬಾಯಿ ಮೀನಿನ ಪೆಟ್ಟಿಗೆಯಿಂದ ಒಂದು ಬರ್ಫದ ತುಂಡು ತೆಗೆದು ಬಟ್ಟೆಯಲ್ಲಿ ಸುತ್ತಿ ಸೊಸೆಗೆ ಕೊಟ್ಟಳು. ಭಾಗ್ಯಾ ಅದನ್ನು ಬಾತ ಕೆನ್ನೆಗೆ ಒತ್ತಿಕೊಂಡಳು.

"ಮಾಮಾಗ ಹೇಳ್ರಿ ಅತ್ಯಾ. ಮಷೀನ್ ತರ್ಲಿ. ನನ್ನ ಹೊಡೀತಾರಂತ ಗಂಡ ನೀರಾಗ ಮುಳುಗಲಿ ಅನ್ನಾಕ ಬರ್ತದಾ?"

ಸಕ್ಕುಬಾಯಿ ಕಟ್ಲಾ ಮೀನಿನ ತಲೆಯನ್ನು ಕೊಯ್ತಾ ಕತ್ತಿಯ ಒಂದೇ ಏಟಿಗೆ ಬೇರೆ ಮಾಡಿದಳು. "ಇವತ್ತ ಹೇಳ್ತೀನಿ."

ಅವಳು ಅಂಬಣ್ಣನಿಗೆ ಹೇಳಿದ್ದು ಒಂದೇ ಮಾತು: "ಒಂದ ಮನ್ಯಾಗ ಇಬ್ಬರನ್ನ ನೀರಿಗೆ ಕೊಟ್ಟು ಕೂಡಾಕ ನನ್ನ ಕೈಲೆ ಆಗಂಗಿಲ್ಲ." ಅಂಬಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಷ್ಟೇ ಸಾಕೆಂದು ಅವಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಪುಣೆಯ ಇನ್ನೊಂದು ತುದಿಯ ಕೋಥರೂಡಕ್ಕೆ ಹೊರಟಳು.

ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಕೆಳಗೆ ಗಾಳ, ರೀಲು, ದಾರ ಮಾರುವ ಚಿಕ್ಕ ಅಂಗಡಿ. ಶನಿವಾರ ಭಾನುವಾರ ಹವ್ಯಾಸಕ್ಕೆ ಮೀನು ಹಿಡಿಯುವ ಆಫೀಸಿನ ಮಂದಿ ಅಲ್ಲಿಗೆ ಬರುತ್ತಿದ್ದರು. ಅಂಗಡಿಯ ಸುದೀಪ ಬೆಂಗಳೂರಿನವನು. ಹಿಂದೆ ಅಂಬಾದಾಸನ ಕ್ಯಾಬಿನಲ್ಲಿ ದಿನವೂ ಓಡಾಡಿದವನು. ಗಾಜಿನ ಮೇಲೆ ಎರಡು ಯಂತ್ರ ಇಟ್ಟ.

"ನೋಡಿ ಅಮ್ಮಾ, ಇದು ಚಿಕ್ಕದು. ದೋಣಿ ಅಂಚಿಗೆ ಈ ಸೆನ್ಸಾರ್ ಕಟ್ಟಿ ನೀರೊಳಗೆ ಮುಳುಗಿಸ್ಬೇಕು. ಅದು ಶಬ್ದ ಬಿಡತ್ತೆ, ತಳಕ್ಕೆ ತಾಗಿ ವಾಪಸ್ ಬರತ್ತೆ. ಆಳ ಎಷ್ಟು ಅಂತ ಗೊತ್ತಾಗತ್ತೆ. ನಡುವೆ ಮೀನಿದ್ರೆ ಬಿಲ್ಲು ಬಗ್ಗಿದ ಹಾಗೆ ಗೆರೆ ಬರತ್ತೆ. ಜಿಪಿಎಸ್ ಒಳಗೇ ಇದೆ. ಹೋದ ದಾರಿ ಗೆರೆ ಎಳ್ಕೊಂಡು ಹೋಗತ್ತೆ, ಅದೇ ಗೆರೆ ಹಿಡ್ದು ವಾಪಸ್ ಬರ್ಬಹುದು."

"ಇದು?" ಬಾಬು ದೊಡ್ಡದರ ಮೇಲೆ ಕೈಯಿಟ್ಟ.

"ಇದ್ರಲ್ಲಿ ಸೈಡ್ ಸ್ಕ್ಯಾನ್ ಇದೆ. ದೋಣಿ ಕೆಳಗೆ ಮಾತ್ರ ಅಲ್ಲ, ಎಡಕ್ಕೂ ಬಲಕ್ಕೂ ಫೋಟೋ ಥರ ತೋರಿಸತ್ತೆ. ಮರ, ಗೋಡೆ, ಮೀನಿನ ಗುಂಪು ಎಲ್ಲಾ. ಆದ್ರೆ ನಿಧಾನಕ್ಕೆ, ನೇರವಾಗಿ ಓಡಿಸ್ಬೇಕು. ಅಲೆ ಎದ್ರೆ ಚಿತ್ರ ಕಲಸಿಹೋಗತ್ತೆ. ದೊಡ್ಡ ಬ್ಯಾಟರಿ ಬೇರೆ ಹೊರ್ಬೇಕು."

"ಬಿಸಿಲಾಗ ಕಾಣಿಸ್ತದನ್ರಿ?" ಸಕ್ಕುಬಾಯಿ ಕೇಳಿದಳು.

"ಎರಡೂ ಕಾಣತ್ತೆ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ನಿಮ್ಮ ಹಿನ್ನೀರಿನ ತಳದ ಮ್ಯಾಪು ಎರಡರಲ್ಲೂ ರೆಡಿ ಇಲ್ಲ. ನೀವು ಓಡಾಡಿದ ಹಾಗೆ ಅದು ಕಲೀತಾ ಹೋಗತ್ತೆ. ಒಳ್ಳೆ ಜಾಗ ಸಿಕ್ಕಾಗ ಈ ಗುಂಡಿ ಒತ್ತಿ, ಗುರುತು ಉಳಿಯತ್ತೆ. ಆಮೇಲೆ ಯಾರು ಬೇಕಾದ್ರೂ ಆ ಜಾಗಕ್ಕೆ ಹೋಗ್ಬಹುದು."

ಬಾಬು ನಕ್ಕ. "ಅಂದ್ರ ಅಪ್ಪನ ಜಾಗಾ ಎಲ್ಲಾ ಇದರಾಗ ಬಂದು ಕೂಡ್ತಾವ. ದೊಡ್ಡದೇ ಕೊಡ್ರಿ."

"ಸಣ್ಣದು ಸಾಕು," ಅಂಬಾದಾಸ ಅಂದ. "ನಾವು ನೋಡ್ಲಾಕತ್ತಿದ್ದು ಮನಿಗಿ ಬರೋ ದಾರಿ. ಗಾಳಿ ಎದ್ದಾಗ ಕಲಸಿಹೋಗೋ ಚಿತ್ರ ತಗೊಂಡು ಏನ್ ಮಾಡ್ತಿ?"

"ನೋಡ್ಲಾಕತ್ತಿದ್ದು ನೀನು. ಹಿಡಿಯಾವ ನಾನು."

"ಹಿಡದದ್ದರಾಗ ಅರ್ಧಾ ಕುಡದ ಬರ್ತಿಯಲ್ಲ."

ಬಾಬು ತಮ್ಮನ ಕಾಲರ್ ಹಿಡಿದು ಗಾಜಿನ ಕಪಾಟಿಗೆ ಒತ್ತಿದ. ಗಾಜು ಬಿರುಕು ಬಿಟ್ಟಿತು. ಸುದೀಪ ನಡುವೆ ಬಂದು ಬಿಡಿಸಿದ. ಸಕ್ಕುಬಾಯಿ ನಾಚಿಕೆಯಿಂದ ತಲೆ ತಗ್ಗಿಸಿ, ಅಂಗಡಿಯವನ ಮುಂದೆ ಕೈ ಮುಗಿದಳು. ಅವನು ಏನೆಂದುಕೊಂಡನೋ, ಒಳಗಿನಿಂದ ತಾನು ಬಳಸಿ ಬಿಟ್ಟ ಹಳೆಯದೊಂದು ಯಂತ್ರ ತಂದು ಅವಳ ಕೈಗಿಟ್ಟ. "ಇದನ್ನ ಒಂದು ದಿನ ಕಟ್ಟಿ ನೋಡಿ ಅಮ್ಮಾ. ಆಮೇಲೆ ಯಾವುದು ಬೇಕೋ ಹೇಳಿ."

ಮನೆಯಲ್ಲಿ ಅಂಬಣ್ಣ ಆ ಡಬ್ಬಿಯನ್ನು ಬೆರಳಿಂದ ಮುಟ್ಟದೆ ಸುತ್ತಲಿಂದ ನೋಡಿದ. ಅವನ ಮುಖದಲ್ಲಿ ಒಂದು ಥರದ ಉಮೇದು ಬಂತು.

"ಆಯ್ತು. ಐತವಾರ ಎಲ್ಲಾರೂ ಬರ್ರಿ. ಕಟ್ಲಾ ಬಾವಿ ಮ್ಯಾಲ ದೋಣಿ ನಿಲ್ಲಸ್ತೀನಿ. ನಿಮ್ಮ ಡಬ್ಬಿ ಏನ್ ಹೇಳ್ತದ ನೋಡೂಣು."

ಕಟ್ಲಾ ಬಾವಿ ಅವನು ಇಟ್ಟ ಹೆಸರು. ಮುಳುಗಿದ ಹಳ್ಳಿಯ ದೊಡ್ಡ ಬಾವಿಯೊಂದು ಅಲ್ಲಿ ತಳದಲ್ಲಿದೆ, ಅದರ ಕಟ್ಟೆಯ ಸುತ್ತ ಆಳುದ್ದ ಮೀನುಗಳು ಮನೆ ಮಾಡಿವೆ ಎಂದು ಅವನ ಮಾತು. ಹಿಂದೆ ಅಲ್ಲಿಂದ ಅವನು ತಂದ ಮೀನನ್ನು ಸಕ್ಕುಬಾಯಿಯೇ ಕತ್ತರಿಸಿದ್ದಳು, ಸುಳ್ಳಲ್ಲ.

ಭಾನುವಾರ ಭಾಗ್ಯಾಳನ್ನು ಬಾಜಾರದಲ್ಲಿ ಕೂರಿಸಿ ನಾಲ್ವರೂ ಹೋದರು. ಸಕ್ಕುಬಾಯಿ ದೋಣಿ ಹತ್ತಿ ವರ್ಷಗಳೇ ಆಗಿದ್ದವು. ಬಿಸಿಲು ಚೆನ್ನಾಗಿತ್ತು. ಅಂಬಣ್ಣ ಮುಂದೆ ನಿಂತು, ಒಂದು ಕಡೆ ಇಟ್ಟಂಗಿ ಭಟ್ಟಿಯ ಚಿಮಣಿ, ಇನ್ನೊಂದು ಕಡೆ ಕರೆಂಟಿನ ಟಾವರು ಹೊಂದಿಸಿ ನೋಡುತ್ತ, ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿ, ಕೊನೆಗೆ ಮುಷ್ಟಿ ಎತ್ತಿದ. ಇಂಜಿನ್ ನಿಂತಿತು.

"ಕೆಳಗ ಬಾವಿ ಅದ. ತೋರಸ್ಲಿ."

ಅಂಬಾದಾಸ ಪರದೆಯ ಮೇಲೆ ಬಾಗಿದ. ತಳದ ಗೆರೆ ಬಂತು. ನೆಲಕ್ಕೆ ಚಾಪೆ ಹಾಸಿದಂತೆ ಸಪಾಟಾದ ಗೆರೆ. ದೋಣಿಯನ್ನು ಸ್ವಲ್ಪ ಆಚೆ ತಂದರು, ಈಚೆ ತಂದರು, ಸುತ್ತು ಹಾಕಿದರು. ಅದೇ ಗೆರೆ. ಒಂದು ಬಿಲ್ಲೂ ಬಗ್ಗಲಿಲ್ಲ.

"ಡಬ್ಬಿ ಸುಳ್ಳ," ಅಂಬಣ್ಣ ಅಂದ.

ಅಂಬಾದಾಸ ಲಂಗರಿನ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ಅಳೆದ. ಡಬ್ಬಿ ಹೇಳಿದಷ್ಟೇ ಆಳ. ಕಲ್ಲು ಮೇಲೆ ಬಂದಾಗ ಅದಕ್ಕೆ ಕರಿ ಕೆಸರು ಮೆತ್ತಿತ್ತು. "ಹೂಳು ತುಂಬ್ಯದ ಅಪ್ಪಾ," ಎಂದು ಮೆಲ್ಲಗೆ ಹೇಳಿದ. "ಬಾವಿ ಇದ್ದಿದ್ದು ಖರೇ ಇರ್ತದ. ಈಗ ಮುಚ್ಚಿ ಹೋಗ್ಯದ."

ಹಿಂದೆ ಇಂಜಿನ್ ಹಿಡಿದು ಕೂತಿದ್ದ ಬಾಬು ನಗತೊಡಗಿದ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಎರಡು ವರ್ಷ ಆತು ಅವ್ವಾ, ಬಲ್ಯಾಗ ಬರೇ ಅಗ್ಗದ ಚಿಲಾಪಿ ಮೀನು. ದಿನಾ ಇದೇ ಜಾಗಾಕ್ಕ ತರ್ತಾನ. ಮೀನು ಬರ್ಲಿಲ್ಲ ಅಂದ್ರ, ಬಲಿ ಬಿಡಾಕ ಬರಂಗಿಲ್ಲ ಸೂಳೆಮಗನ ಅಂತ ನನಗ ಹೊಡೀತಾನ. ಕೆಸರಿನ ಮ್ಯಾಲ ಬಲಿ ಬಿಟ್ಟು ನನಗ ಹೊಡೀತಾನ."

ಅಂಬಣ್ಣ ಹುಟ್ಟು ಎತ್ತಿ ಮಗನ ಭುಜಕ್ಕೆ ಬಾರಿಸಿದ. ಎರಡನೆಯ ಸಲ ಎತ್ತಿದಾಗ ಬಾಬು ಅದನ್ನು ಹಿಡಿದು ಕಿತ್ತುಕೊಂಡ. ಎಂದೂ ತಿರುಗಿ ಹೊಡೆಯದ ಮಗ ಅವನು. ಹುಟ್ಟಿನ ಅಂಚು ಅಪ್ಪನ ಮಣಿಕಟ್ಟಿನ ಮೇಲೆ ಬಿದ್ದಾಗ ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಅಂಬಣ್ಣ ಮೊಣಕಾಲೂರಿದ. ಬಾಬು ನಿಲ್ಲಿಸಲಿಲ್ಲ. ಬೆನ್ನಿಗೆ, ಪಕ್ಕೆಗೆ, ಮತ್ತೆ ಬೆನ್ನಿಗೆ. ಸಕ್ಕುಬಾಯಿ ಗಂಡನ ಮೇಲೆ ಬಿದ್ದಳು. ಒಂದು ಏಟು ಅವಳ ಹೆಗಲಿಗೂ ತಾಗಿತು. ದೋಣಿ ವಾಲಿ ನೀರು ಒಳಗೆ ನುಗ್ಗಿತು. ಅಂಬಾದಾಸ ತಲೆಯಿಂದ ಗುದ್ದಿ ಅಣ್ಣನನ್ನು ನೀರಿಗೆ ಕೆಡವಿದ.

ಬಾಬು ಮುಳುಗಿ, ಎದ್ದು, ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದ. ಅಂಬಾದಾಸನ ಬೂಟುಗಾಲು ಆ ಬೆರಳುಗಳ ಮೇಲೆ ಬಂತು. ಅವನು ಒತ್ತಿದ. ಬಾಬುವಿನ ಬಾಯಿ ತೆರೆಯಿತು, ನೀರು ಒಳಗೆ ನುಗ್ಗಿತು.

"ಕಾಲು ತೆಗಿ," ಸಕ್ಕುಬಾಯಿ ಅಂದಳು.

ಅಂಬಾದಾಸ ತಾಯಿಯ ಕಡೆ ನೋಡಲಿಲ್ಲ.

"ನೀನೂ ನನ್ನ ಹೊಟ್ಟ್ಯಾಗ ಹುಟ್ಟಿದ್ದರ, ಕಾಲು ತೆಗಿ."

ಅವನು ತೆಗೆದ. ತಾಯಿ ಮಗ ಇಬ್ಬರೂ ಸೇರಿ ಬಾಬುವನ್ನು ಎಳೆದು ಒಳಗೆ ಹಾಕಿಕೊಂಡರು. ಅವನು ನೀರು ಕಾರುತ್ತ ಬಿದ್ದುಕೊಂಡ. ಅಂಬಣ್ಣ ಜೋತುಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದ. ಅಂಬಾದಾಸ ಇಂಜಿನ್ ಹಚ್ಚಿ ದೋಣಿಯನ್ನು ದಂಡೆಗೆ ತಿರುಗಿಸಿದ.

ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅಂಬಣ್ಣ ಮರಾಠಿಯಲ್ಲಿ, ದೋಣಿ ಇಳಿಯುವಾಗ ಕಾಲು ಜಾರಿತು ಎಂದ. ಸಕ್ಕುಬಾಯಿ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ಬಚ್ಚಲಲ್ಲಿ ಕಾಲು ಜಾರಿತು, ಮೆಟ್ಟಿಲಲ್ಲಿ ಕಾಲು ಜಾರಿತು ಎಂದು ಅವಳೂ ಎಷ್ಟೋ ಸಲ ಡಾಕ್ಟರ ಮುಂದೆ ಹೇಳಿದವಳು. ಆಗೆಲ್ಲ ಪಕ್ಕದಲ್ಲಿ ನಿಂತಿರುತ್ತಿದ್ದವನು ಅಂಬಣ್ಣ.

ಬಾಬು ಮನೆಗೆ ಬರಲಿಲ್ಲ. ಶೆಡ್ಡಿನಲ್ಲಿಯೇ ಕುಡಿದು ಬಿದ್ದಿರುತ್ತಾನೆಂದು ಬರ್ಫದ ಗಾಡಿಯವನು ಹೇಳಿದ. ದೋಣಿ ದಂಡೆಯಲ್ಲಿ ಬೋರಲಾಗಿತ್ತು. ಸಕ್ಕುಬಾಯಿ ಬೇರೆಯವರ ಮೀನು ತಂದು ಮಾರಿದಳು. ಅಂಬಣ್ಣನಿಗೆ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಭಾಗ್ಯಾ ಸಾರಿನಲ್ಲಿ ನೆನೆಸಿ ಮುಂದಿಡುತ್ತಿದ್ದಳು. ಒಂದು ದಿನ ಅವನು ಉಣ್ಣುತ್ತ ಉಣ್ಣುತ್ತ, "ಯಾವುದಾರ ಒಂದು ಡಬ್ಬಿ ತರ್ರಿ," ಅಂದ. ಇಷ್ಟು ದಿನ ಅದೇ ಮಾತು ನಡೆದಿತ್ತೇನೋ ಎಂಬಂತೆ.

ಸಕ್ಕುಬಾಯಿ ಚಿಕ್ಕದನ್ನೇ ತರಿಸಿದಳು. ಅಂಬಾದಾಸ ಅದನ್ನು ಮನೆಗೆ ತಂದಿಟ್ಟು ಡ್ಯೂಟಿಗೆ ಹೋದ. ಅಂಬಣ್ಣ ಜೇಜುರಿ ದೇವರ ಭಂಡಾರದ ಅರಿಷಿಣದ ಪೊಟ್ಟಣ ಬಿಚ್ಚಿ, ಎಡಗೈಯಿಂದ ಡಬ್ಬಿಯ ನೆತ್ತಿಗೆ ಒಂದು ಚಿಟಿಕೆ ಹಚ್ಚಿದ. ಹತ್ತನೇ ಇಯತ್ತೆವರೆಗೆ ಪುಣೆಯಲ್ಲೇ ಓದಿದ ಭಾಗ್ಯಾ ನೆಲದ ಮೇಲೆ ಕೂತು ಒಂದೊಂದೇ ಗುಂಡಿ ಒತ್ತಿ ನೋಡುತ್ತಿದ್ದಳು. "ಮಾಮಾ, ಇದು ಮರಾಠಿ ಕೇಳ್ತದೋ ಇಂಗ್ಲಿಷೋ ತಿಳೀವಲ್ದು" ಎಂದು ಅವಳು ನಕ್ಕಾಗ ಬಾಗಿಲಲ್ಲಿ ಬಾಬು ನಿಂತಿದ್ದ.

ಮಟಮಟ ಮಧ್ಯಾಹ್ನ. ಅವನ ಬೆರಳುಗಳು ಇನ್ನೂ ಕಪ್ಪಾಗಿದ್ದವು. ಬಾಯಿಯಿಂದ ವಾಸನೆ.

"ಅದನ್ನ ತಗೊಂಡು ನಡಿ. ಶೆಡ್ಡಿಗಿ ಹೋಗೂಣು."

ಭಾಗ್ಯಾ ಎದ್ದು ನಿಂತಳು. "ಮಷೀನ್ ಮನೀದು. ನಾ ಬರಂಗಿಲ್ಲ."

ಬಾಬು ಡಬ್ಬಿಯನ್ನು ಬಿಟ್ಟು ಅವಳ ಜಡೆಗೆ ಕೈ ಹಾಕಿದ. ಉದ್ದನೆಯ ಜಡೆಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು ಎಳೆದ. ಅವಳು ಮಗ್ಗುಲಾಗಿ ಬಿದ್ದಳು. ಹಾಗೇ ಎಳೆಯುತ್ತ ಹೊಸಿಲಿನ ತನಕ ತಂದ. ಅವಳು ಬಾಗಿಲ ಚೌಕಟ್ಟನ್ನು ಅಪ್ಪಿ ಹಿಡಿದಳು. ಅವನು ಹೊರಗಿನಿಂದ ಕಾಲು ಕೊಟ್ಟು ಜಗ್ಗಿದ. ಅವಳ ಕತ್ತು ಹಿಂದಕ್ಕೆ ಮುರಿದಂತೆ ವಾಲಿತು. ಅಕ್ಕಪಕ್ಕದ ಬಾಗಿಲುಗಳು ತೆರೆದು, ಅಲ್ಲಿಯೇ ನಿಂತವು. ಅಂಬಣ್ಣ ಪ್ಲಾಸ್ಟರಿನ ಕೈ ಹಿಡಿದು, "ಬಾಬು, ಬಿಡೋ," ಎಂದು ಕೂತಲ್ಲಿಂದಲೇ ಅನ್ನುತ್ತಿದ್ದ.

ಸಕ್ಕುಬಾಯಿ ಮೋರಿಯ ಬಳಿ ಕೊಯ್ತಾ ತಿಕ್ಕುತ್ತಿದ್ದವಳು ಅದನ್ನು ಹಿಡಿದುಕೊಂಡೇ ಬಂದಳು. ಬಾಬು ಅವಳನ್ನು ನೋಡಿದ, ಕೊಯ್ತಾ ನೋಡಿದ, ಆದರೂ ಬಿಡಲಿಲ್ಲ. ತಾಯಿ ಏನು ಮಾಡಿಯಾಳು ಎಂಬ ಧೈರ್ಯ. ಅವಳು ಎಡಗೈಯಿಂದ ಸೊಸೆಯ ತಲೆಯನ್ನು ಚೌಕಟ್ಟಿಗೆ ಅದುಮಿ ಹಿಡಿದು, ಬಿಗಿದು ನಿಂತ ಜಡೆಯ ಮೇಲೆ ಕೊಯ್ತಾ ಇಳಿಸಿದಳು. ಅಲಗು ಮರಕ್ಕೆ ಕಚ್ಚಿ ನಿಂತಿತು. ಬಾಬು ಜೋಲಿ ತಪ್ಪಿ ಓಣಿಯಲ್ಲಿ ಅಂಗಾತ ಬಿದ್ದ. ಅವನ ಕೈಯಲ್ಲಿ ಮೊಳದುದ್ದದ ಜಡೆ ಇತ್ತು.

ಸಕ್ಕುಬಾಯಿ ಕೊಯ್ತಾ ಕಿತ್ತುಕೊಂಡು ಹೊಸಿಲಿನ ಮೇಲೆ ನಿಂತಳು.

"ಅದನ್ನ ತಗೊಂಡು ಹೋಗು. ಈ ಮನ್ಯಾಗ ನಿನಗ ಬರಬೇಕಾದದ್ದು ಅಷ್ಟೇ."

"ಅವ್ವಾ, ಆಕಿ ನನ್ನ ಹೇಣ್ತಿ."

"ಆಕಿ ಇಲ್ಲೇ ಇರ್ತಾಳ. ಮುಂದಿನ ಸಲ ಕೂದಲ ನೋಡಿ ಹೊಡಿಯಂಗಿಲ್ಲ ನಾ."

ಬಾಬು ಅವಳ ಮುಖ ನೋಡಿ ನಂಬಿದ. ಎದ್ದು, ಜಡೆಯನ್ನು ಎಲ್ಲಿ ಬಿಡಬೇಕೋ ತಿಳಿಯದೆ ಹಿಡಿದುಕೊಂಡೇ ಓಣಿ ದಾಟಿದ.

ಒಳಗೆ ಅಂಬಣ್ಣ, "ಛಲೋ ಮಾಡ್ದಿ," ಅಂದ.

ಸಕ್ಕುಬಾಯಿ ಅವನ ಕಡೆ ತಿರುಗಿದಳು. ಕೊಯ್ತಾ ಇನ್ನೂ ಕೈಯಲ್ಲೇ ಇತ್ತು. "ಅವನಿಗೆ ಕಲಿಸಿದಾವ್ರು ಯಾರ್ರಿ? ಕೈ ಕೂಡಿ ಬರ್ತದ ನಿಮ್ಮದು, ಇನ್ನ ಸ್ವಲ್ಪ ದಿನದಾಗ. ಬಂದ ಮ್ಯಾಲ ಅದು ಈ ಮನ್ಯಾಗ ಯಾರ ಮ್ಯಾಲೂ ಏಳಬಾರದು. ನನ್ನ ಮ್ಯಾಲೂ."

ಅಂಬಣ್ಣ ಪ್ಲಾಸ್ಟರಿನ ಕೈಯನ್ನು ನೋಡುತ್ತ, ಆಗಲಿ ಎಂದು ತಲೆಯಾಡಿಸಿದ. ಅವಳು ಕೊಯ್ತಾ ತೊಳೆದಿಟ್ಟು ಭಾಗ್ಯಾಳನ್ನು ಮುಂದೆ ಕೂರಿಸಿಕೊಂಡಳು. ಕತ್ತರಿಯಿಂದ ಅವಳ ಕೂದಲನ್ನು ಸಮ ಮಾಡತೊಡಗಿದಳು. ಭಾಗ್ಯಾ ಹಿಂದೆ ಕೈ ಚಾಚಿ ಅತ್ತೆಯ ಕೈ ಹಿಡಿದುಕೊಂಡಳು. "ಕುತ್ತಿಗಿ ಹಗುರಾತು ಅತ್ಯಾ," ಅಂದಳು.

ದೋಣಿ ಬೋರಲು ಬಿದ್ದಿದ್ದರೆ ಹೊಟ್ಟೆ ನಡೆಯುವುದಿಲ್ಲ. ಅಂಬಾದಾಸ ಕ್ಯಾಬಿಗೆ ಬೇರೆ ಡ್ರೈವರನ್ನು ಹಚ್ಚಿ ನೀರಿಗಿಳಿದ. ಯಂತ್ರ ನೋಡಲು ಒಬ್ಬರು ಬೇಕಿತ್ತು. ಭಾಗ್ಯಾ, ನಾ ಬರ್ತೀನಿ ಅಂದಾಗ ಅಂಬಣ್ಣ ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಆಮೇಲೆ ತಾನೂ ಹೊರಟ. ಮೊದಮೊದಲು ಅವನು ಜಾಗ ತೋರಿಸುತ್ತಿರಲಿಲ್ಲ. ಭಾಗ್ಯಾ ಆಳ ಓದಿ ಹೇಳುವುದನ್ನು ಮುಖ ತಿರುಗಿಸಿ ಕೇಳುತ್ತಿದ್ದ. ಅವನ ಜಾಗಗಳಲ್ಲಿ ಕೆಲವು ಹೂಳಾಗಿದ್ದವು, ಕೆಲವು ಸರಿಯಾಗಿಯೇ ಇದ್ದವು. ಸರಿಯಿದ್ದಲ್ಲಿ, "ಒತ್ತು ಗುಂಡಿ," ಎಂದು ಗದರುವ ದನಿಯಲ್ಲಿ ಹೇಳತೊಡಗಿದ.

ಬಾಬು ಅದೇ ದಂಡೆಯಲ್ಲಿ ಇನ್ನೊಬ್ಬರ ದೋಣಿಗೆ ಕೂಲಿ ನಿಂತಿದ್ದ. ಸಕ್ಕುಬಾಯಿ ಬರ್ಫದ ಪೆಟ್ಟಿಗೆ ತರುವ ದಿನ ರೊಟ್ಟಿಯ ಗಂಟೊಂದನ್ನು ಶೆಡ್ಡಿನ ಮೊಳೆಗೆ ತೂಗುಹಾಕಿ ಬರುತ್ತಿದ್ದಳು. ಅವನು ತೆಗೆದುಕೊಳ್ಳುತ್ತಿದ್ದ.

ಮಾಘದ ಒಂದು ಬೆಳಿಗ್ಗೆ ಅವಳು ದಂಡೆಯಲ್ಲಿ ನಿಂತಿದ್ದಾಗ ದೋಣಿ ಬಂತು. ಭಾರಕ್ಕೆ ತಗ್ಗಿ ಬರುತ್ತಿತ್ತು. ಬಾಬುವೂ ನೋಡಿದ. ಬಲೆ ಕೊಡವುವುದನ್ನು ಬಿಟ್ಟು, ಸೊಂಟಮಟ್ಟದ ನೀರಿಗಿಳಿದು, ಹಗ್ಗಕ್ಕಾಗಿ ಎರಡೂ ಕೈ ಚಾಚಿ ನಿಂತ. ಕುಡಿದಿರಲಿಲ್ಲ.

ದೋಣಿಯ ಮೂತಿಯಲ್ಲಿ ಭಾಗ್ಯಾ ಹಗ್ಗ ಸುರುಳಿ ಮಾಡಿ ಹಿಡಿದಿದ್ದಳು. ಗಾಳಿಗೆ ಅವಳ ಗಿಡ್ಡ ಕೂದಲು ಮುಖಕ್ಕೆ ಬರುತ್ತಿತ್ತು. ಗಂಡನನ್ನು ನೇರವಾಗಿ ನೋಡಿದಳು. ಆಮೇಲೆ ತೋಳು ಹಿಂದಕ್ಕೆ ತೆಗೆದು, ಅವನ ತಲೆಯ ಮೇಲಿಂದ ಹಾಯುವಂತೆ ಜೋರಾಗಿ ಎಸೆದಳು.

ಹಗ್ಗ ಸಕ್ಕುಬಾಯಿಯ ಕಾಲ ಬಳಿ ಬಂದು ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ಕೈಗೆ ಸುತ್ತಿ, ಎಳೆಯತೊಡಗಿದಳು.